ನಿಮಗಿದು ಗೊತ್ತೆ? ದಾಲಿಯ ಸಿಂಹಾಸನ ಮತ್ತು ಮುಚ್ಚಿಟ್ಟ ಜನ್ಮರಹಸ್ಯ
ಜಿನ್ ಯೊಂಗ್ 1963ರಿಂದ 1966ರವರೆಗೆ ಧಾರಾವಾಹಿಯಾಗಿ ಬರೆದ, ಮುಂದೆ ಹಲವು ಬಾರಿ ಕಿರುತೆರೆಗೂ ಬಂದ ‘ಟಿಯಾನ್‌ಲೊಂಗ್ ಬಾಬು’ ಎಂಬ ಚೀನೀ ಕಾದಂಬರಿ ‘ವೂಶಿಯಾ’ಕ್ಕೆ, ಅಂದರೆ ಸಮರಕಲಾ ವೀರರ ಕಥನಪ್ರಕಾರಕ್ಕೆ, ಸೇರಿದೆ. ಇಂದಿನ ಯುನ್ನಾನ್ ಪ್ರಾಂತ್ಯದಲ್ಲಿದ್ದ ದಾಲಿ ರಾಜ್ಯದ ರಾಜಕುಮಾರ ಡುವಾನ್ ಯು ಅದರ ನಾಯಕರಲ್ಲೊಬ್ಬ. ಪತಿಯ ಪರಸ್ತ್ರೀ ಸಂಗದಿಂದ ನೊಂದ ಅವನ ತಾಯಿ, ಪಟ್ಟ ಕಳೆದುಕೊಂಡು ಅಂಗವಿಕಲನಾಗಿ ಬಿದ್ದಿದ್ದ ಹಿಂದಿನ ಯುವರಾಜನನ್ನು ಕೂಡಿ ಡುವಾನ್ ಯುವನ್ನು ಹೆತ್ತಿರುತ್ತಾಳೆ. ಮುಂದೆ ಸಿಂಹಾಸನಕ್ಕಾಗಿ ಡುವಾನ್ ಯುವನ್ನೇ ಕೊಲ್ಲಹೊರಟ ಆ ಹಿಂದಿನ ಯುವರಾಜನ ಕೈ ತಡೆಯುವುದು, ತಾಯಿ ಬಾಯಿಬಿಟ್ಟು ಹೇಳುವ ಮಗನ ಜನ್ಮರಹಸ್ಯ. ಡುವಾನ್ ಯು ಪಾತ್ರಕ್ಕೆ ಆಧಾರವಾದ ದಾಲಿಯ ಅರಸನು 1108ರಿಂದ 1147ರವರೆಗೆ ಆಳಿ, ಬಳಿಕ ಪಟ್ಟ ತ್ಯಜಿಸಿ ಬೌದ್ಧ ಭಿಕ್ಷುವಾದನು.