ಕಿಟಕಿ ಮುಚ್ಚಿದರೂ ಮುಗಿಯದ ಕಾರ್ಯ

ಗಣಕಯಂತ್ರದಲ್ಲಿ ಒಂದು ತಂತ್ರಾಂಶದ ಕಿಟಕಿಯನ್ನು ಮುಚ್ಚಿದೊಡನೆ ಅದರ ಕಾರ್ಯವೂ ಮುಗಿಯಿತೆಂದು ನಾವು ಭಾವಿಸುತ್ತೇವಾದರೂ, ಸಂದೇಶ ಸಂಭಾಷಣೆಗಳಿಗಾಗಿ ಬಳಸುವ ಅನೇಕ ತಂತ್ರಾಂಶಗಳು ಕಣ್ಣಿಗೆ ಮರೆಯಾದ ಬಳಿಕವೂ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ನೆಲೆಯೂರಿಯೇ ಇರುತ್ತವೆ.

ಇವುಗಳಲ್ಲಿ ಹಲವಕ್ಕೆ ಆಧಾರವಾಗಿರುವುದು, 2013ರಲ್ಲಿ ಗಿಟ್‌ಹಬ್ ಸಂಸ್ಥೆಯಲ್ಲಿ ಆಟಮ್ ಶೆಲ್ ಎಂಬ ಹೆಸರಿನಿಂದ ಜನ್ಮತಳೆದು ಮುಂದೆ ಎಲೆಕ್ಟ್ರಾನ್ ಎಂದು ಪ್ರಸಿದ್ಧವಾದ ಚೌಕಟ್ಟು. ಜಾಲಪುಟಗಳನ್ನು ರಚಿಸಬಲ್ಲವರು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬಹುತೇಕ ಒಂದೇ ಕೋಡಿನಿಂದ ತಂತ್ರಾಂಶವನ್ನು ನಿರ್ಮಿಸುವಂತಾದುದು ಇದರಿಂದ. ಆ ಉಪಕಾರ ಅಲ್ಪವಾದುದಲ್ಲ. ಆದರೆ ಇದನ್ನಾಶ್ರಯಿಸಿದ ಸ್ಲ್ಯಾಕ್, ಡಿಸ್ಕಾರ್ಡ್ ಮೊದಲಾದ ಪ್ರತಿಯೊಂದು ತಂತ್ರಾಂಶವೂ, ಕೇರಿಗೊಂದು ಬಾವಿ ಸಾಲುವಲ್ಲಿ ಮನೆಮನೆಗೂ ಬಾವಿ ತೋಡಿದಂತೆ, ಕ್ರೋಮಿಯಂ ಎಂಬ ಸಮಗ್ರ ಬ್ರೌಸರನ್ನೇ ತನ್ನೊಳಗೆ ಪ್ರತ್ಯೇಕವಾಗಿ ಹೊತ್ತು ತರುವುದರಿಂದ, ಒಂದೊಂದೂ ನೂರಾರು ಮೆಗಾಬೈಟ್ ಸ್ಮೃತಿಯನ್ನು ಆಕ್ರಮಿಸುವುದುಂಟು.

ಸ್ಮೃತಿ ತುಂಬಿತೆಂಬುದೇ ದೋಷವಲ್ಲ. ಖಾಲಿಯಿರುವ ಭಾಗವನ್ನು ಕಾರ್ಯವ್ಯವಸ್ಥೆಯು ತಾನೇ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹವಾಗಿ ಬಳಸಿ, ಬೇಡಿಕೆ ಬಂದಾಗ ಬಿಟ್ಟುಕೊಡುತ್ತದೆ. ಅವಕಾಶ ತೀರ ಕುಗ್ಗಿದಾಗ ಅದು ದತ್ತಾಂಶವನ್ನು ಹೆಚ್ಚುಹೆಚ್ಚಾಗಿ ಡಿಸ್ಕಿಗೆ ಸಾಗಿಸತೊಡಗಿ, ಡಿಸ್ಕಿನ ಗತಿ ರ‍್ಯಾಮ್‌ಗಿಂತ ಬಹಳ ಮಂದವಾದುದರಿಂದ, ಇಡೀ ಯಂತ್ರವೇ ತಡವರಿಸುತ್ತದೆ. 4 ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ವ್ಯಾಸಂಗ ಮಾಡುವ ವಿದ್ಯಾರ್ಥಿಗೆ ಇದು ನಿಜವಾದ ಸಂಕಟ. ಹೊಸ ಯಂತ್ರವನ್ನು ಕೊಳ್ಳೆಂದು ಅವನಿಗೆ ಉಪದೇಶಿಸುವುದು ಅನ್ಯಾಯವೆಂದೇ ನನ್ನ ಮತ.

ಅದರ ಬದಲು, ಇರುವ ಯಂತ್ರದಲ್ಲೇ ಸ್ಮೃತಿಯನ್ನು ಉಳಿಸಲು, ವಿಂಡೋಸ್ ಬಳಸುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆಯಿರಿ. ಮೆಮೊರಿ ಎಂಬ ಶೀರ್ಷಿಕೆಯ ಮೇಲೆ ಕ್ಲಿಕ್ಕಿಸಿದರೆ ಅಧಿಕ ಸ್ಮೃತಿಯನ್ನು ಬಳಸುತ್ತಿರುವವು ಯಾವುವೆಂದು ತಿಳಿಯುತ್ತದೆ. ಬಳಿಕ ಸ್ಟಾರ್ಟಪ್ ವಿಭಾಗಕ್ಕೆ ಹೋಗಿ, ಯಂತ್ರದೊಡನೆ ತಾವಾಗಿಯೇ ಏಳುವ ಅನಾವಶ್ಯಕ ತಂತ್ರಾಂಶಗಳನ್ನು ದಯವಿಟ್ಟು ಇಂದೇ ನಿಷ್ಕ್ರಿಯಗೊಳಿಸಿರಿ.