ಸಿರುಗುಪ್ಪಕ್ಕೆ ಯಾವ ಕಡೆ ಹೋಗಬೇಕು?

‘ಹಿಂಗ ಸೀದಾ ಹೋಗ್ರಿ, ಮುಂದ ಸರ್ಕಲ್ ಬರ್ತೈತಿ, ಅಲ್ಲಿ ಯಾರನ್ನಾರ ಕೇಳ್ರಿ, ಹೇಳ್ತಾರ.’

ಬಳ್ಳಾರಿಯಲ್ಲಿ ದಾರಿ ಕೇಳಿದವರಿಗೆ ಸಿಗುವ ಉತ್ತರ ಬಹುಪಾಲು ಇದೇ. ಹಗಲು ಹೊತ್ತಿನಲ್ಲಿ ಇಷ್ಟು ಸಾಕು. ಆಟೊದವರು, ಮಿರ್ಚಿ ಬಂಡಿಯವರು, ಪಾನ್ ಅಂಗಡಿಯವರು ಯಾರಾದರೂ ಸಿಗುತ್ತಾರೆ, ಬೇಸರವಿಲ್ಲದೆ ಕೈ ಮಾಡಿ ತೋರಿಸುತ್ತಾರೆ. ಆದರೆ ಅಕ್ಕಿ ತುಂಬಿಕೊಳ್ಳಲು ಸಿರುಗುಪ್ಪಕ್ಕೆ ಹೊರಟ ತಮಿಳುನಾಡಿನ ಲಾರಿಯೊಂದು ರಾತ್ರಿ ಎರಡು ಗಂಟೆಗೆ ಊರೊಳಗೆ ಬಂತೆನ್ನಿ. ಕೇಳೋಣವೆಂದರೆ ಬೀದಿ ನಾಯಿಗಳ ಹೊರತು ಯಾರೂ ಇಲ್ಲ. ಆ ಹೊತ್ತಿನಲ್ಲಿ ಅದರ ಚಾಲಕನಿಗೆ ಉತ್ತರ ಕೊಡಬೇಕಾದದ್ದು ಕಂಬದ ಮೇಲಿನ ಬೋರ್ಡು.

ಹೀಗೆ ಹೊರಗಿನಿಂದ ಬಂದು ಹಾದುಹೋಗುವವರು ಬಳ್ಳಾರಿಗೆ ಕಡಿಮೆಯೇನಲ್ಲ. ಪಶ್ಚಿಮದಲ್ಲಿ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ, ಪೂರ್ವದಲ್ಲಿ ಗುಂತಕಲ್, ಗುತ್ತಿ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 67 ಈ ಊರಿನ ಮೇಲೆಯೇ ಹೋಗುತ್ತದೆ. ಜೇವರ್ಗಿಯಿಂದ ಲಿಂಗಸುಗೂರು, ಸಿಂಧನೂರು, ಸಿರುಗುಪ್ಪದ ಮೂಲಕ ಬಂದು, ಚಳ್ಳಕೆರೆ, ಹಿರಿಯೂರು, ಮೈಸೂರು ದಾಟಿ ಚಾಮರಾಜನಗರ ಮುಟ್ಟುವ 150ಎ ಹೆದ್ದಾರಿ ಇಲ್ಲಿಯೇ ಅದನ್ನು ಸಂಧಿಸುತ್ತದೆ. ಹಳಬರ ಬಾಯಲ್ಲಿ ಇದಿನ್ನೂ ಬೀದರ್–ಶ್ರೀರಂಗಪಟ್ಟಣ ರಸ್ತೆ. ಇವುಗಳ ಜೊತೆಗೆ ಅನಂತಪುರ, ರಾಯದುರ್ಗದ ರಸ್ತೆಗಳು, ಕುರುಗೋಡು–ಕಂಪ್ಲಿ ದಾರಿ. ಸಿರುಗುಪ್ಪದ ಅಕ್ಕಿ, ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು, ಊರಿನದೇ ಜೀನ್ಸ್ ಎಲ್ಲವೂ ಇವೇ ರಸ್ತೆಗಳಲ್ಲಿ ಓಡಾಡಬೇಕು. ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ ರೋಗಿಯನ್ನು ಮಲಗಿಸಿಕೊಂಡು ಆಂಧ್ರ ಗಡಿಯಾಚೆಯ ಹಳ್ಳಿಗಳಿಂದ ಬರುವವರಿಗೂ ಇವೇ ರಸ್ತೆಗಳು.

ದಾರಿ ತೋರಿಸುವ ಬೋರ್ಡಿಗೆ ವಯಸ್ಸಾಗುವುದು ಬಿಸಿಲಿನಿಂದ ಮಾತ್ರ ಎಂದುಕೊಂಡರೆ ಬಳ್ಳಾರಿಯ ವಿಷಯ ಬೇರೆ. ಇಲ್ಲಿ ಬೋರ್ಡುಗಳನ್ನು ಮುದಿಯಾಗಿಸಿದ್ದು ಸರ್ಕಾರಿ ಆದೇಶಗಳು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅಂಕೋಲಾ–ಗುತ್ತಿ ಹೆದ್ದಾರಿಯ ಈ ಭಾಗಕ್ಕೆ 63 ಹೋಗಿ 67 ಬಂತು. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಲಾರಿ’ ಬಳ್ಳಾರಿಯಾಯಿತು, ‘ಹಾಸ್ಪೆಟ್’ ಹೊಸಪೇಟೆಯಾಯಿತು. 2017–18ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಕುರುಗೋಡು, ಕಂಪ್ಲಿಗಳೂ ಇದ್ದವು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರ ಮಾಡಿಕೊಂಡು ವಿಜಯನಗರ ಜಿಲ್ಲೆ ಬೇರೆಯಾಯಿತು. ಹೀಗೆ ಹನ್ನೊಂದು ವರ್ಷದೊಳಗೆ ಹೆದ್ದಾರಿಯ ಸಂಖ್ಯೆ, ಊರಿನ ಕಾಗುಣಿತ, ತಾಲ್ಲೂಕು, ಜಿಲ್ಲೆ ನಾಲ್ಕೂ ಬದಲು. ಒಂದೊಂದು ಆದೇಶದ ನಂತರವೂ ಎಲ್ಲ ಬೋರ್ಡು ಬದಲಿಸುವಷ್ಟು ದುಡ್ಡು ಯಾವ ಇಲಾಖೆಯ ಹತ್ತಿರವೂ ಇರುವುದಿಲ್ಲ. ಹಳೆಯದು ಉಳಿದುಕೊಳ್ಳುತ್ತದೆ, ಹೊಸದು ಅದರ ಪಕ್ಕದಲ್ಲೇ ಏಳುತ್ತದೆ. ಹೊಸಬನಿಗೆ 63 ಮತ್ತು 67 ಎರಡು ಬೇರೆ ರಸ್ತೆಗಳು ಅನ್ನಿಸಿದರೆ ತಪ್ಪು ಅವನದಲ್ಲ.

ಹಾಗಾದರೆ ಇದನ್ನು ಸರಿಪಡಿಸುವ ಹೊಣೆ ಯಾರದು? ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇಲ್ಲಿದೆ. ಹೆದ್ದಾರಿಯ ಬೋರ್ಡು ಹೆದ್ದಾರಿ ಪ್ರಾಧಿಕಾರದ್ದೋ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದೋ ಆಗಿರುತ್ತದೆ. ಜಿಲ್ಲಾ ಮುಖ್ಯ ರಸ್ತೆಯದು ಲೋಕೋಪಯೋಗಿಯದು. ಊರೊಳಗಿನ ಬೀದಿ ಪಾಲಿಕೆಯದು. ಒನ್ ವೇ, ನೋ ಪಾರ್ಕಿಂಗ್ ಸಂಚಾರ ಪೊಲೀಸರದು. ಕೋಟೆ, ದೇವಸ್ಥಾನಕ್ಕೆ ದಾರಿ ತೋರುವುದು ಪ್ರವಾಸೋದ್ಯಮ ಇಲಾಖೆ. ಒಂದೇ ಸರ್ಕಲ್ಲಿನಲ್ಲಿ ಐದು ಇಲಾಖೆಯ ಕಂಬಗಳು ಹುಟ್ಟಬಹುದು. ಆದರೆ ಒಬ್ಬರ ಬೋರ್ಡನ್ನು ಇನ್ನೊಬ್ಬರದು ಮರೆ ಮಾಡಿದರೆ ತೆಗೆಸುವವರು ಯಾರೆಂದು ಕಂಬದಲ್ಲಿ ಬರೆದಿರುವುದಿಲ್ಲ. ಇದಕ್ಕೆ ಸ್ಥಳೀಯ ಸಂಸ್ಥೆಗಳನ್ನೂ ಸೇರಿಸಿಕೊಳ್ಳಿ. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ. ಪಾಲಿಕೆ ನಡೆಯುವುದು 1976ರ ಕಾಯ್ದೆಯ ಮೇಲೆ, ಉಳಿದೆರಡು 1964ರ ಕಾಯ್ದೆಯ ಮೇಲೆ.

ಹಾಗೆಂದು ನಿಯಮಗಳಿಗೆ ಬರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 67 ಎಂಬ ಸಂಹಿತೆ 1977ರಿಂದಲೂ ಇದೆ, ಹಲವು ಸಲ ತಿದ್ದಿ 2022ರಲ್ಲಿ ಹೊಸ ಆವೃತ್ತಿಯೂ ಬಂದಿದೆ. ಕಡ್ಡಾಯ ಸೂಚನೆಗೆ ವೃತ್ತ, ಎಚ್ಚರಿಕೆಗೆ ತ್ರಿಕೋನ, ಮಾಹಿತಿಗೆ ಆಯತ. ರಾಷ್ಟ್ರೀಯ, ರಾಜ್ಯ ಹೆದ್ದಾರಿಯ ದಾರಿ ಬೋರ್ಡು ಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಎಕ್ಸ್‌ಪ್ರೆಸ್‌ವೇಗೆ ನೀಲಿ, ಪ್ರವಾಸಿ ತಾಣಕ್ಕೆ ಕಂದು. ತಿರುವಿಗೆ ಮುಂಚೆ ಒಂದು ಬೋರ್ಡು, ತಿರುವಿನಲ್ಲಿ ಒಂದು, ತಿರುವು ದಾಟಿದ ಮೇಲೆ ‘ಸರಿಯಾದ ದಾರಿಯಲ್ಲೇ ಇದ್ದೀಯಪ್ಪಾ, ಹೋಗು’ ಎಂದು ಧೈರ್ಯ ಹೇಳುವ ಇನ್ನೊಂದು. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಡುವಿನದು ಮಾತ್ರ, ಅದೂ ತಿರುವು ತಪ್ಪಿದ ಮೇಲೆ ಕಣ್ಣಿಗೆ ಬೀಳುತ್ತದೆ.

ಇದರ ಲೆಕ್ಕ ಸರಳ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡಿನಲ್ಲಿ ಓದುವುದೆಂದರೆ 50 ಮೀಟರ್ ಮುಗಿದಿರುತ್ತದೆ. ಅಷ್ಟರಲ್ಲಿ ಚಾಲಕ ಎರಡು ಭಾಷೆಯಲ್ಲಿ ಏಳೆಂಟು ಊರಿನ ಹೆಸರು ಓದಿ, ತನ್ನದನ್ನು ಹುಡುಕಿ, ಬಾಣ ಎತ್ತ ತಿರುಗಿದೆ ನೋಡಿ, ಕನ್ನಡಿಯಲ್ಲಿ ಹಿಂದಿನ ಬೈಕನ್ನೂ ಗಮನಿಸಬೇಕು. ಬ್ರಿಟನ್ನಿನಲ್ಲಿ 1963ರಲ್ಲಿ ವರದಿ ಕೊಟ್ಟ ವರ್ಬಾಯ್ಸ್ ಸಮಿತಿಗಾಗಿ ದುಡಿದ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಎಂಬ ವಿನ್ಯಾಸಕರು ಬೋರ್ಡಿಗೆಂದೇ ಹೊಸ ಅಕ್ಷರ ರೂಪಿಸಿದರು, ಅದು ಎಷ್ಟು ದೂರಕ್ಕೆ ಕಾಣುತ್ತದೆ ಎಂಬ ಪರೀಕ್ಷೆಯೂ ನಡೆಯಿತು. ಕನ್ನಡಕ್ಕೆ ಆ ಕಾಳಜಿ ಇನ್ನೂ ಹೆಚ್ಚು ಬೇಕು. ನಮ್ಮ ಅಕ್ಷರ ಮೇಲೆ ಕೆಳಗೆ ಎರಡೂ ಕಡೆ ಬೆಳೆಯುತ್ತದೆ. ‘ಸಿರುಗುಪ್ಪ’ ಬರೆಯುವಾಗ ಮೇಲೆ ಗುಡಿಸಿಗೂ ಕೆಳಗೆ ಒತ್ತಿಗೂ ಜಾಗ ಬಿಡಬೇಕು. ಇಂಗ್ಲಿಷಿನಷ್ಟೇ ಎತ್ತರದ ಪಟ್ಟಿಯಲ್ಲಿ ಅದನ್ನು ತುರುಕಿದರೆ ಅಕ್ಷರದ ಮೈ ಸಣ್ಣದಾಗಿ, ದೂರದಿಂದ ಬರೀ ಗೀಟುಗಳಂತೆ ಕಾಣುತ್ತದೆ. ಕನ್ನಡ ಗೊತ್ತಿಲ್ಲದ ಕಂಪ್ಯೂಟರಿನಲ್ಲಿ ಅಚ್ಚಾದಾಗ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ತಿದ್ದಿದ ಸರ್ಕಾರ, ತನ್ನದೇ ದಾರಿ ಬೋರ್ಡಿನ ಕನ್ನಡ ಓದಲು ಬರುತ್ತದೆಯೇ ಎಂದೂ ನೋಡಬೇಕಾಗುತ್ತದೆ.

ಇನ್ನೊಂದು ನಿಯಮ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಹೆಚ್ಚು ಮುರಿಯುವುದೂ ಅದನ್ನೇ. ಒಂದು ಊರಿನ ಹೆಸರು ಒಂದು ಬೋರ್ಡಿನಲ್ಲಿ ಬಂದರೆ, ಆ ಊರು ಮುಟ್ಟುವವರೆಗೆ ಪ್ರತಿ ತಿರುವಿನಲ್ಲೂ ಅದು ಬರಲೇಬೇಕು. ಚಳ್ಳಕೆರೆ ಕಡೆಯಿಂದ ಬರುವವನಿಗೆ ಊರ ಹೊರಗೆ ‘ಸಿರುಗುಪ್ಪ’ ಎಂದು ತೋರಿಸಿ, ಒಳಗಿನ ಸರ್ಕಲ್ಲಿನಲ್ಲಿ ‘ಸಿಂಧನೂರು’ ಎಂದು ಬರೆದು, ಮುಂದಿನದರಲ್ಲಿ ಏನನ್ನೂ ಬರೆಯದೆ ಬಿಟ್ಟರೆ ಮೂರು ಬೋರ್ಡಿನ ದುಡ್ಡೂ ದಂಡ. ಹೆದ್ದಾರಿಯ ಬೋರ್ಡು ಹಾಕಿದವರ ಹದ್ದು ಮುಗಿಯುವುದು, ಪಾಲಿಕೆಯದು ಶುರುವಾಗುವುದು ಸರಿಯಾಗಿ ದಾರಿ ಗೊಂದಲವಾಗುವ ಜಾಗದಲ್ಲೇ.

ಮತ್ತೆ ಹೆಸರುಗಳ ಪ್ರಶ್ನೆ. ಕಾಗದದ ಮೇಲೆ ಗಡಿಗಿ ಚನ್ನಪ್ಪ ವೃತ್ತ, ಜನರ ಬಾಯಲ್ಲಿ ರಾಯಲ್ ಸರ್ಕಲ್. ಗಣ್ಯರ ಹೆಸರಿಡುವುದು ಊರಿನ ಹಕ್ಕು, ಅದಕ್ಕೆ ತಕರಾರಿಲ್ಲ. ಆದರೆ ‘ರಾಯಲ್ ಸರ್ಕಲ್ ದಾಟಿ ಬಾ’ ಎಂದು ಫೋನಿನಲ್ಲಿ ಹೇಳಿಸಿಕೊಂಡು ಬಂದ ನೆಂಟ ಬೋರ್ಡಿನಲ್ಲಿ ಆ ಹೆಸರು ಹುಡುಕುತ್ತಾನೆ. ಅಧಿಕೃತ ಹೆಸರಿನ ಕೆಳಗೆ ಬಳಕೆಯ ಹೆಸರನ್ನು ಸಣ್ಣದಾಗಿ ಬರೆದರೆ ಯಾರ ಗೌರವಕ್ಕೂ ಕುಂದಿಲ್ಲ.

ಸರ್ಕಾರಿ ಬೋರ್ಡು ಸೋತ ಜಾಗಕ್ಕೆ ಖಾಸಗಿ ಬಾಣಗಳು ಬರುತ್ತವೆ. ಒಂದು ಕಂಬವನ್ನು ಮನಸ್ಸಿನಲ್ಲೇ ನೋಡಿ. ತುದಿಯಲ್ಲಿ ಹಸಿರು ಬೋರ್ಡು, ಅದರ ಅರ್ಧಕ್ಕೆ ಬೇವಿನ ಕೊಂಬೆ. ಕೆಳಗೆ ತಂತಿ ಬಿಗಿದ ನರ್ಸಿಂಗ್ ಹೋಮಿನ ಬಾಣ, ಅದರ ಕೆಳಗೆ ಇಂಗ್ಲಿಷ್ ಮೀಡಿಯಂ ಶಾಲೆಯದು, ಕಲ್ಯಾಣ ಮಂಟಪದ್ದು, ಲೇಔಟಿನದು. ಎಲ್ಲದರ ಮೇಲೆ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸು, ಶುಭ ಕೋರುವ ಮೂವತ್ತು ಮುಖಗಳೊಂದಿಗೆ. ಹುಟ್ಟುಹಬ್ಬ ಮುಗಿದು ತಿಂಗಳಾದರೂ ಗಾಳಿಗೆ ಹರಿದ ಅರ್ಧ ಮುಖ ಬಾಣದ ತುದಿಯನ್ನು ಮುಚ್ಚಿಕೊಂಡೇ ಇರುತ್ತದೆ.

ಇದನ್ನು ತೆಗೆಯಲು ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ 116ನೇ ಕಲಮು ಸಂಚಾರ ಫಲಕ ಹಾಕುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ನೀಡುತ್ತದೆ. ಫಲಕವನ್ನು ಮರೆಮಾಡುವ, ಫಲಕದಂತೆಯೇ ಕಂಡು ದಾರಿ ತಪ್ಪಿಸುವ, ಚಾಲಕನ ಗಮನ ಸೆಳೆಯುವ ಜಾಹೀರಾತನ್ನು ತೆಗೆಸುವ ಅಧಿಕಾರವನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ವಹಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಉಂಟು. ಸಾವಿರ ರೂಪಾಯಿ 1981ರಲ್ಲಿ ದೊಡ್ಡ ಮೊತ್ತ. ಇವತ್ತು ಫ್ಲೆಕ್ಸಿನ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳು ದಿನ ಕಳೆಯುವುದರೊಳಗೆ ಉದುರಿದ್ದನ್ನು ನೋಡಿದರೆ, ಕೊರತೆ ಇರುವುದು ಕಾನೂನಿನಲ್ಲಿ ಅಲ್ಲವೆಂಬುದು ಸ್ಪಷ್ಟ.

‘ಮೊಬೈಲಿನಲ್ಲಿ ಮ್ಯಾಪ್ ಇರುವಾಗ ಬೋರ್ಡು ಯಾಕೆ?’ ಎನ್ನುವವರಿದ್ದಾರೆ. ಮ್ಯಾಪು ಹತ್ತಿರದ ದಾರಿ ತೋರಿಸುತ್ತದೆ. ಹದಿನಾರು ಚಕ್ರದ ಲಾರಿ ಬ್ರೂಸ್‌ಪೇಟೆಯ ಸಂದಿಯಲ್ಲಿ ತಿರುಗೀತೇ ಎಂಬ ಚಿಂತೆ ಅದಕ್ಕಿಲ್ಲ. ಭಾರಿ ವಾಹನ ಎಲ್ಲಿ ಹೋಗಬಾರದು, ಎತ್ತ ಬಳಸಿ ಹೋಗಬೇಕು ಎಂದು ಹೇಳುವ ಹಕ್ಕು ಊರಿನದು.

ಬೋರ್ಡು ಜೀವದ ಪ್ರಶ್ನೆಯಾಗುವುದು ಕುರುಗೋಡಿನ ದಾರಿಯಲ್ಲಿ. ಕುರುಗೋಡು ದಾಟಿ ಕಂಪ್ಲಿಗೆ ಹೋದರೆ ತುಂಗಭದ್ರೆ, ಆಚೆ ಗಂಗಾವತಿ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಸಂಚಾರ ಬಂದ್ ಆಗುವುದು ಈ ಭಾಗಕ್ಕೆ ಹೊಸದಲ್ಲ. ಆ ಸುದ್ದಿ ಗಂಗಾವತಿಗೆ ಹೊರಟವನಿಗೆ ಸೇತುವೆಯ ಹತ್ತಿರ ಹೋದ ಮೇಲೆ ಗೊತ್ತಾದರೆ ಏನು ಬಂತು? ಬಳ್ಳಾರಿಯಲ್ಲೇ, ತಪ್ಪಿದರೆ ಕುರುಗೋಡಿನಲ್ಲಾದರೂ ‘ಕಂಪ್ಲಿ ಸೇತುವೆ ಬಂದ್’ ಎಂಬ ಮಡಚುವ ಫಲಕ ಮಳೆಗಾಲಕ್ಕೆ ಸಿದ್ಧವಿರಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೂ ಹೀಗೆಯೇ ತಾತ್ಕಾಲಿಕ ಬೋರ್ಡು ಬೇಕು. ಏಕಶಿಲೆಯ ಆ ಬಸವಣ್ಣನನ್ನು ನೋಡಲು ಬರುವವರಿಗೆ ಕಂದು ಬೋರ್ಡು ಬಳ್ಳಾರಿಯ ಸರ್ಕಲ್ಲಿನಿಂದಲೇ ಶುರುವಾಗಬೇಕು, ಊರ ಬಾಗಿಲಿನಿಂದಲ್ಲ.

ಸಿರುಗುಪ್ಪದ ಪರಿಸ್ಥಿತಿ ಬೇರೆ. ಅದು ಗಡಿಯ ಊರು. ಒಂದು ಕಡೆ ದಡೇಸೂಗೂರು ಸೇತುವೆ ದಾಟಿ ಸಿಂಧನೂರು, ಇನ್ನೊಂದು ಕಡೆ ಆದವಾನಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಹೆಣ್ಣು ಕೊಡುವುದು, ತರುವುದು, ಸಂತೆ, ಆಸ್ಪತ್ರೆ ಇವತ್ತಿಗೂ ಎರಡೂ ಕಡೆ. ನಮ್ಮ ಕಡೆಯ ಬೋರ್ಡಿನ ‘ಆದವಾನಿ’ ಇಂಗ್ಲಿಷಿನಲ್ಲಿ ‘ಅಡೋನಿ’ ಆಗುತ್ತದೆ. ಎರಡೂ ಒಂದೇ ಊರೆಂದು ಗಡಿಯವರಿಗೆ ಗೊತ್ತು, ತಮಿಳುನಾಡಿನ ಲಾರಿಯವನಿಗೆ ಗೊತ್ತಿಲ್ಲ. ಹಾಗಾಗಿ ಗಡಿ ರಸ್ತೆಯಲ್ಲಿ ಊರ ಹೆಸರಿನ ಜೊತೆ ಹೆದ್ದಾರಿಯ ಸಂಖ್ಯೆಯೂ ದಪ್ಪವಾಗಿ ಇರಬೇಕು. ಅಂಕಿಗೆ ಅನುವಾದ ಬೇಡ.

ಇದೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಂಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕನ ಹೆಸರನ್ನೇ ಹೇಳುವ ಬೆರಳೆಣಿಕೆಯ ಶಾಸನಗಳ ಪೈಕಿ ಇವೂ ಸೇರಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಜನರಿಗೆ ಮಾತು ಮುಟ್ಟಿಸಲು ಹಾಕಿಸಿದ ಸರ್ಕಾರಿ ಫಲಕ ಅದು, ಹಾಕಿಸಿದವರು ಯಾರೆಂದು ಇವತ್ತಿಗೂ ಗೊತ್ತಾಗುತ್ತದೆ. ನಮ್ಮ ಸರ್ಕಲ್ಲಿನ ಕಂಬಕ್ಕೆ ಅಷ್ಟು ಭಾಗ್ಯ ಬೇಡ, ಹಾಕಿಸಿದ ಇಲಾಖೆಯ ಹೆಸರು, ಹಾಕಿದ ವರ್ಷ, ದೂರು ಕೊಡಲು ಒಂದು ಫೋನ್ ನಂಬರ್ ಹಿಂಬದಿಯಲ್ಲಿ ಬರೆದಿದ್ದರೆ ಸಾಕು.

ಹೊಸ ಬೋರ್ಡು ಹಾಕಿ ಎಂದು ಈಗಲೇ ಯಾರೂ ಕೇಳಬಾರದು ಎನ್ನುವುದು ನನ್ನ ಅಭಿಪ್ರಾಯ. ಮೊದಲು ಇರುವುದನ್ನು ಎಣಿಸಲಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಲೋಕೋಪಯೋಗಿ, ಪೊಲೀಸ್, ಸಾರಿಗೆ, ಸ್ಥಳೀಯ ಸಂಸ್ಥೆ ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪ್ರತಿ ಕಂಬಕ್ಕೂ ಒಂದು ನಂಬರ್ ಕೊಟ್ಟು, ಯಾರದೆಂದು ಬರೆದು, ಪಟ್ಟಿಯನ್ನು ಒಂದೇ ಕಚೇರಿಗೆ ಒಪ್ಪಿಸುವ ಕೆಲಸ ಆ ಮೇಜಿನದು. ಯಾರದೂ ಅಲ್ಲದ ಕಂಬ ಕೀಳಬೇಕು. ಹಳೆಯ ಸಂಖ್ಯೆ, ಹಳೆಯ ಕಾಗುಣಿತದವನ್ನು ಅಳಿಸಬೇಕು. ಆಮೇಲೆ ಊರಿನ ಪರಿಚಯವೇ ಇಲ್ಲದ ಒಬ್ಬ ಚಾಲಕನನ್ನು ರಾತ್ರಿ ಹೊತ್ತು, ಮ್ಯಾಪಿಲ್ಲದೆ, ಚಳ್ಳಕೆರೆ ಕಡೆಯಿಂದ ಸಿರುಗುಪ್ಪಕ್ಕೆ, ಹೊಸಪೇಟೆ ಕಡೆಯಿಂದ ಕುರುಗೋಡಿಗೆ ಹೊರಡಿಸಬೇಕು. ಅವನು ಎಲ್ಲಿ ಬ್ರೇಕ್ ಒತ್ತಿ ನಿಂತನೋ ಅಲ್ಲಿ ಮಾತ್ರ ಹೊಸ ಬೋರ್ಡು.

ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕುವ 198ಎ ಕಲಮನ್ನು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದೆ. ಹೊಣೆಗಾರ ಯಾರೆಂದು ಕಂಬದ ಮೇಲೆ ಬರೆಯುವವರೆಗೆ ಆ ಕಲಮು ಪುಸ್ತಕದಲ್ಲೇ ಇರುತ್ತದೆ. ಸಮಿತಿಯ ಮುಂದಿನ ಸಭೆಯಲ್ಲಿ ಈ ಪಟ್ಟಿಯ ವಿಷಯ ಬರಲಿ. ಅಲ್ಲಿಯವರೆಗೆ, ಫ್ಲೆಕ್ಸ್ ಕಟ್ಟುವ ಅಭಿಮಾನಿಗಳು ದಾರಿ ಬೋರ್ಡಿನ ಕಂಬವೊಂದನ್ನು ಬಿಟ್ಟು ಬೇರೆ ಜಾಗ ನೋಡಿಕೊಳ್ಳಲಿ.