ಅಣ್ಣನ ಗೆಳೆಯ ಅಳಿಯನಾಗುವಾಗ

ಹೊಸೂರಿನ ಕಡೆಯ ಮನೆಗಳಲ್ಲಿ ಮಗ ತನ್ನ ಗೆಳೆಯನನ್ನು ಊಟಕ್ಕೆ ಕರೆತಂದರೆ, ತಂಗಿಗೆ ಮೊದಲು ಹೇಳಿಕೊಡುವ ಮಾತು ‘ಅಣ್ಣ’. ಮನೆಯಲ್ಲಿ ಕನ್ನಡ, ಪೂಜೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು ಎಂದು ದಿನ ಕಳೆಯುವ ನಮ್ಮಲ್ಲಿ ಹಲವರಿಗೆ ಈ ಒಂದು ಪದ ಮೂರು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ. ಆ ಮಾತು ಬಿದ್ದ ಮೇಲೆ ಅವನು ಮನೆಯವನು. ನೇರವಾಗಿ ಅಡುಗೆಮನೆಗೆ ಬಂದು ನೀರು ಕುಡಿಯಬಹುದು. ಪರೀಕ್ಷೆಯ ದಿನ ತಂಗಿಯನ್ನು ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡಬಹುದು. ಡಿಸೆಂಬರ್ ಬಂದರೆ ಗೋದಲಿ ಕಟ್ಟುತ್ತಾ ರಾತ್ರಿ ಹನ್ನೊಂದರವರೆಗೆ ಕೂರಬಹುದು. ಅಮ್ಮ ಅವನ ತಟ್ಟೆಗೂ ಇನ್ನೊಂದು ಮುದ್ದೆ ಹಾಕುತ್ತಾಳೆ.

ಇಲ್ಲಿ ಒಂದು ತಮಾಷೆಯಿದೆ. ತಂಗಿ ‘ಅಣ್ಣ’ ಎನ್ನುವ ಅದೇ ಹುಡುಗನನ್ನು ಮಗ ಕರೆಯುವುದು ‘ಮಚ್ಚಾ’ ಎಂದು. ತಮಿಳಿನಲ್ಲಿ ಮಚ್ಚಾನ್ ಎಂದರೆ ಭಾವ! ಒಂದೇ ಹಜಾರದಲ್ಲಿ ಒಬ್ಬಳು ಅವನನ್ನು ಒಡಹುಟ್ಟಿದವನನ್ನಾಗಿ ಮಾಡುತ್ತಿದ್ದರೆ, ಇನ್ನೊಬ್ಬ ತನಗೆ ಗೊತ್ತಿಲ್ಲದೆಯೇ ಬೀಗತನಕ್ಕೆ ಅಡಿಪಾಯ ಹಾಕುತ್ತಿರುತ್ತಾನೆ.

ಹೀಗಿರುವಾಗ ಒಂದು ದಿನ ಹುಡುಗಿ ‘ಅಣ್ಣ’ ಎನ್ನುವುದನ್ನು ನಿಲ್ಲಿಸುತ್ತಾಳೆ. ಹೆಸರು ಹಿಡಿದೂ ಕರೆಯುವುದಿಲ್ಲ. ಬಾಗಿಲು ತೆಗೆದು, ‘ಬಂದ್ರು’ ಎಂದಷ್ಟೇ ಒಳಗೆ ಹೇಳಿ ಹೋಗುತ್ತಾಳೆ. ಇದನ್ನು ಗಮನಿಸುವವರು ಸಾಮಾನ್ಯವಾಗಿ ಅಜ್ಜಿ. ತಂದೆತಾಯಿಗೆ ತಿಳಿಯುವುದು ಬಹಳ ತಡವಾಗಿ. ಅಣ್ಣನಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಆಗ ಅವನ ಬಾಯಿಂದ ಬರುವ ಮೊದಲ ಮಾತು ‘ನಂಬಿ ಮನೆಗೆ ಸೇರಿಸಿದ್ದೆ’.

ಪ್ರಿಯ ಓದುಗರೇ, ಆ ನೋವನ್ನು ಹಗುರವಾಗಿ ಕಾಣಬಾರದು. ಆದರೆ ಇದರಲ್ಲಿ ತಪ್ಪು ಏನು, ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

‘ಅಣ್ಣ ಎಂದು ಕರೆದವನನ್ನು ಮದುವೆಯಾಗುವುದುಂಟೇ?’ ಎಂದು ಹಿರಿಯರು ಕೇಳುತ್ತಾರೆ. ಧರ್ಮಸಭೆಯ ಕಾನೂನಿನಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಬಾಯಿಮಾತಿನ ಅಣ್ಣತನ ರಕ್ತಸಂಬಂಧವಲ್ಲ. ಅದೇ ಹಿರಿಯರು ಸಂತೋಷದಿಂದ ಮುಂದಿಡುವ ಸೋದರಮಾವನ ಮಗ, ಸೋದರತ್ತೆಯ ಮಗನ ಸಂಬಂಧಕ್ಕೆ ಮಾತ್ರ ನಿಜವಾದ ಅಡ್ಡಿಯಿದೆ! 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಅಕ್ಕನ ಮಗಳನ್ನಾಗಲಿ, ಮಾವನ ಮಗಳನ್ನಾಗಲಿ ವಿನಾಯಿತಿ ಇಲ್ಲದೆ ಮದುವೆಯಾಗುವಂತಿಲ್ಲ. 1997ರಲ್ಲಿ ಸೇಲಂನಿಂದ ಬೇರೆಯಾದ ಧರ್ಮಪುರಿ ಧರ್ಮಕ್ಷೇತ್ರಕ್ಕೆ ಸೇರಿದ ನಾವು ಅದಕ್ಕಾಗಿ ಅಲ್ಲಿನ ಧರ್ಮಾಧ್ಯಕ್ಷರಿಗೆ ಅರ್ಜಿ ಹಾಕಬೇಕು. ಅಣ್ಣನ ಗೆಳೆಯ ಕಥೋಲಿಕನಾಗಿದ್ದು ಬೇರೆ ಅಡ್ಡಿಗಳಿಲ್ಲದಿದ್ದರೆ ಅಂಥ ಅರ್ಜಿಯೇ ಬೇಡ. ಸಮಾಜ ಸರಿ ಎನ್ನುವ ಕಡೆ ಧರ್ಮಸಭೆ ತಡೆದು ಕೇಳುತ್ತದೆ. ಸಮಾಜ ಮೂಗು ಮುರಿಯುವ ಕಡೆ ಅದು ಸುಮ್ಮನಿದೆ. ‘ಅಣ್ಣ’ ಎಂಬ ನೆಪದ ಹಿಂದೆ ಎಷ್ಟೋ ಸಲ ಜಾತಿಯ ಲೆಕ್ಕ ಅಡಗಿರುತ್ತದೆ ಎಂಬುದೂ ನಮಗೆಲ್ಲ ಗೊತ್ತಿರುವ ಸಂಗತಿ.

ಇನ್ನು ಸ್ನೇಹ. ದಾಂಪತ್ಯದ ಪ್ರೀತಿಯು ಸ್ನೇಹಗಳಲ್ಲೆಲ್ಲ ದೊಡ್ಡ ಸ್ನೇಹ ಎಂದು ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಬರೆದರು. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬಗಳಿಗಾಗಿ ಹೊರಡಿಸಿದ ‘ಅಮೋರಿಸ್ ಲೆತೀತ್ಸಿಯಾ’ ಪತ್ರದಲ್ಲಿ ಅದನ್ನೇ ನೆನಪಿಸಿದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅರ್ಧ ಗಂಟೆ ಕುಳಿತು ಕಾಫಿ ಕುಡಿದವನಿಗಿಂತ, ಹತ್ತು ವರ್ಷ ಮನೆಗೆ ಬಂದುಹೋದವನ ಗುಣ ಹುಡುಗಿಗೆ ಹೆಚ್ಚು ಗೊತ್ತು. ಅವನು ಸಿಟ್ಟು ಬಂದಾಗ ಹೇಗೆ, ಸಾಲ ತೀರಿಸುತ್ತಾನೋ ಇಲ್ಲವೋ, ತನ್ನ ತಾಯಿಯ ಜೊತೆ ಹೇಗೆ ಮಾತನಾಡುತ್ತಾನೆ ಎಂದೆಲ್ಲ ಅವಳು ಕಂಡಿರುತ್ತಾಳೆ.

ಪವಿತ್ರ ಗ್ರಂಥದಲ್ಲೇ ಇಂಥ ಒಂದು ಕತೆಯಿದೆ. ಯಾಕೋ ನಾವು ಅದನ್ನು ಹೆಚ್ಚು ಓದುವುದಿಲ್ಲ. ಅರಸ ಸೌಲನ ಮಗ ಯೋನಾತಾನನಿಗೆ ದಾವೀದ ಪ್ರಾಣಸ್ನೇಹಿತ; ತನ್ನ ಮೇಲಂಗಿಯನ್ನೇ ಕಳಚಿ ಕೊಟ್ಟವನು ಯೋನಾತಾನ. ಅವನ ತಂಗಿ ಮೀಕಲಳು ದಾವೀದನನ್ನು ಪ್ರೀತಿಸಿದಳು ಎಂದು ಸಮುವೇಲನ ಮೊದಲ ಗ್ರಂಥದ 18ನೇ ಅಧ್ಯಾಯ ಹೇಳುತ್ತದೆ. ದಾವೀದ ಅವಳನ್ನು ಪ್ರೀತಿಸಿದನೇ? ಗ್ರಂಥ ಎಲ್ಲಿಯೂ ಹಾಗೆ ಹೇಳುವುದಿಲ್ಲ. ಅರಸನ ಅಳಿಯನಾಗುವುದು ಅವನಿಗೆ ಮೆಚ್ಚಿಕೆಯಾಯಿತು ಎಂದಷ್ಟೇ ಹೇಳುತ್ತದೆ. ತಂದೆ ಸೌಲನಿಗೋ ಮಗಳ ಪ್ರೀತಿ ಒಂದು ಬಲೆ. ನೂರು ಫಿಲಿಷ್ಟಿಯರನ್ನು ಕೊಂದು ಬರುವುದೇ ತೆರ ಎಂದ. ಆ ಯುದ್ಧದಲ್ಲಿ ದಾವೀದ ಸಾಯಲಿ ಎಂಬುದು ಅವನ ಎಣಿಕೆ.

ಮೀಕಲಳು ಗಂಡನನ್ನು ಕಿಟಕಿಯಿಂದ ಕೆಳಗಿಳಿಸಿ, ಹಾಸಿಗೆಯಲ್ಲಿ ವಿಗ್ರಹವನ್ನು ಮಲಗಿಸಿ ಅವನ ಜೀವ ಉಳಿಸಿದಳು. ಆಮೇಲೆ ತಂದೆ ಅವಳನ್ನು ಬೇರೊಬ್ಬನಿಗೆ ಕೊಟ್ಟ. ವರ್ಷಗಳ ನಂತರ ದಾವೀದ ಅವಳನ್ನು ವಾಪಸು ಕೇಳಿದಾಗ, ಆ ಎರಡನೆಯ ಗಂಡ ದಾರಿಯುದ್ದಕ್ಕೂ ಅಳುತ್ತಾ ಹಿಂದೆ ಬಂದ. ಕೊನೆಗೆ ಗಂಡಹೆಂಡಿರ ನಡುವೆ ಕಹಿಯೇ ಉಳಿಯಿತು. ಯೋನಾತಾನ ಸತ್ತಾಗ ದಾವೀದ ಗೋಳಿಟ್ಟ ಹಾಗೆ ಮೀಕಲಳಿಗಾಗಿ ಒಂದು ಮಾತೂ ಆಡಿದ್ದು ಗ್ರಂಥದಲ್ಲಿಲ್ಲ. ಅಣ್ಣನ ಮೇಲಿನ ಸ್ನೇಹ ತಾನಾಗಿಯೇ ತಂಗಿಯ ಮೇಲಿನ ಪ್ರೀತಿಯಾಗುವುದಿಲ್ಲ. ‘ನಮ್ಮ ಹುಡುಗ ತಾನೇ, ಕೊಟ್ಟುಬಿಡೋಣ’ ಎಂದು ಅವಸರ ಪಡುವ ತಂದೆಯರು ಈ ಅಧ್ಯಾಯಗಳನ್ನು ಒಮ್ಮೆ ಓದಬೇಕು.

ಇದಕ್ಕೆ ಹೊರತಾದ ಒಂದು ಕತೆ ನಮ್ಮ ಮಣ್ಣಿನದೇ. ರಾಜಾಜಿಯವರು ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, 1878ರಲ್ಲಿ. ಓದಿದ್ದು ಹೊಸೂರಿನ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅವರ ಮಗಳು ಲಕ್ಷ್ಮಿ, ಗಾಂಧೀಜಿಯವರ ಕಿರಿಯ ಮಗ ದೇವದಾಸ್. ಇದು ಅಣ್ಣನ ಗೆಳೆಯನ ಕತೆಯಲ್ಲ, ಅಪ್ಪನ ಗೆಳೆಯನ ಮಗನ ಕತೆ. ಆದರೆ ಬಿಕ್ಕಟ್ಟು ಅದೇ: ಎರಡು ಮನೆಗಳ ಹಳೆಯ ಸ್ನೇಹದ ನಡುವೆ ಹುಟ್ಟಿದ ಪ್ರೀತಿ. ಹಿಂದಿ ಕಲಿಸಲು 1918ರಲ್ಲೇ ಮದ್ರಾಸಿಗೆ ಬಂದವರು ದೇವದಾಸ್. ಅವರು ಲಕ್ಷ್ಮಿಯನ್ನು ಮದುವೆಯಾಗಬೇಕೆಂದಾಗ ಆಕೆಗೆ ಬರೀ ಹದಿನೈದು, ಅವರಿಗೆ ಇಪ್ಪತ್ತೆಂಟರ ಹತ್ತಿರ. ಒಬ್ಬರು ಗುಜರಾತಿ ಬನಿಯಾ, ಇನ್ನೊಬ್ಬರು ತಮಿಳು ಬ್ರಾಹ್ಮಣರು.

ತಂದೆಯರಿಬ್ಬರೂ ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಐದು ವರ್ಷ ಒಬ್ಬರನ್ನೊಬ್ಬರು ನೋಡದೆ ಇರಿ, ಆಮೇಲೂ ಮನಸ್ಸು ಹೀಗೇ ಇದ್ದರೆ ನೋಡೋಣ ಎಂದರು. ಕಠಿಣವೆನಿಸಬಹುದು. ನನಗಂತೂ ಅದು ಆ ಹುಡುಗಿಗೆ ಮಾಡಿದ ಉಪಕಾರವೆಂದೇ ಅನಿಸುತ್ತದೆ. ಹದಿನೈದರ ಹುಡುಗಿಗೆ ತನ್ನ ಮನಸ್ಸು ತನಗೆ ತಿಳಿಯಲು ಸಮಯ ಬೇಕಿತ್ತು. ತನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನ ಎದುರು ‘ಇಲ್ಲ’ ಎನ್ನುವ ಅವಕಾಶವೂ ಬೇಕಿತ್ತು. ಅವಳು ಇಲ್ಲ ಎನ್ನಲಿಲ್ಲ. 1933ರ ಜೂನ್ 16ರಂದು, ಗಾಂಧೀಜಿ 21 ದಿನಗಳ ಉಪವಾಸ ಮುಗಿಸಿ ಇನ್ನೂ ಮೂರು ವಾರವಾಗಿರಲಿಲ್ಲ, ಪುಣೆಯಲ್ಲಿ ಮದುವೆಯಾಯಿತು. ತಂದೆಯರ ಸ್ನೇಹ ಕೆಡಲಿಲ್ಲ. ಅವರ ಮಗ ರಾಜಮೋಹನ್ ಗಾಂಧಿಯವರು ಮುಂದೆ ಇಬ್ಬರು ತಾತಂದಿರ ಜೀವನಚರಿತ್ರೆಯನ್ನೂ ಬರೆದರು.

ಈಗ ನಮ್ಮ ಮನೆಗಳಿಗೆ ಬರೋಣ. ಐದು ವರ್ಷ ಯಾರೂ ಕಾಯಬೇಕಾಗಿಲ್ಲ. ಆದರೆ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬುವ ಮೊದಲು ಮದುವೆಯ ಮಾತೇ ಬೇಡ; ಅದು ನಾಡಿನ ಕಾನೂನು. ಓದುವ ಹುಡುಗಿಯ ಹಿಂದೆ ‘ಅಣ್ಣನ ಗೆಳೆಯ’ ಎಂಬ ಸಲಿಗೆಯಲ್ಲಿ ಸುತ್ತುವವನನ್ನು ಮನೆಯಿಂದ ದೂರ ಇಡುವುದೇ ಸರಿ. ಅದರಲ್ಲಿ ದಾಕ್ಷಿಣ್ಯ ಬೇಡ. ಇಬ್ಬರೂ ವಯಸ್ಸಿಗೆ ಬಂದು, ಕೆಲಸ ಹಿಡಿದು, ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ಮಾತು ಬೇರೆ. ಆಗ ಹುಡುಗನೇ ಮೊದಲು ಗೆಳೆಯನ ಎದುರು ಕುಳಿತು ಹೇಳಬೇಕು. ಹುಡುಗಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವುದು ಗಂಡಸುತನವಲ್ಲ. ಊರವರ ಬಾಯಿಂದಲೋ, ಫೋನಿನಲ್ಲಿ ಸಿಕ್ಕ ಸಂದೇಶದಿಂದಲೋ ಅಣ್ಣನಿಗೆ ತಿಳಿದರೆ ಆ ಗಾಯ ಮಾಯುವುದು ಕಷ್ಟ. ಅಣ್ಣನಿಗೂ ಒಂದು ಮಾತು. ನಿನ್ನ ಒಪ್ಪಿಗೆ ಕೇಳುವುದು ಸ್ನೇಹದ ಮರ್ಯಾದೆಗೆ. ತಂಗಿಯ ಮೇಲೆ ನಿನಗಿರುವ ಹಕ್ಕಿಗಲ್ಲ. ಮದುವೆಗೆ ಬೇಕಾದ ಸಮ್ಮತಿ ವಧೂವರರದೇ, ಬೇರೆ ಯಾರೂ ಅವರ ಪರವಾಗಿ ಕೊಡಲಾರರು ಎಂದು ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ಹೇಳಿದೆ.

ಅವನು ಬೇರೆ ಧರ್ಮದವನಾದರೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು, ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುವ ಬಗ್ಗೆ ಹುಡುಗಿ ಮಾತು ಕೊಡಬೇಕು. ಗುರುಗಳನ್ನು ಮೊದಲೇ ಕಂಡರೆ ಒಳ್ಳೆಯದು, ಛತ್ರಕ್ಕೆ ಮುಂಗಡ ಕೊಟ್ಟ ಮೇಲಲ್ಲ.

ಹುಡುಗಿ ಒಲ್ಲೆ ಎಂದರೆ? ಆಗಲೂ ಅವನು ಕೆಲವು ತಿಂಗಳು ಆ ಮನೆಗೆ ಹೋಗದೆ ಇದ್ದು, ಗೆಳೆಯನನ್ನು ಹೊರಗೆ ಚಹಾ ಅಂಗಡಿಯಲ್ಲೇ ಕಾಣಲಿ. ಅಮ್ಮ ‘ಯಾಕಪ್ಪ ಈಚೆಗೆ ಬರೋದೇ ಇಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ಮುಂದಿನ ಡಿಸೆಂಬರಿನಲ್ಲಿ ಗೋದಲಿ ಕಟ್ಟಲು ಕರೆಯುವುದೋ ಬೇಡವೋ ಎಂಬುದನ್ನು ಆ ಹುಡುಗಿಯೇ ಹೇಳಲಿ.